ಸ್ಯಾಕ್ಸೊಫೋನಿನ ಭಾರ ಎಲ್ಲಿಗೆ ಹೋಗುತ್ತದೆ?

ಕರಾವಳಿಯಲ್ಲಿ ಸ್ಯಾಕ್ಸೊಫೋನನ್ನು ಪರದೇಶದ ವಾದ್ಯವೆಂದು ಯಾರೂ ಈಗ ಬೆರಗಿನಿಂದ ನೋಡುವುದಿಲ್ಲ. ದೇವಸ್ಥಾನದ ಬಲಿ ಉತ್ಸವಕ್ಕೆ ಅದು ಬೇಕು, ಮದುವೆ ದಿಬ್ಬಣಕ್ಕೆ ಬೇಕು, ರಾತ್ರಿ ಶುರುವಾಗಿ ಬೆಳಕು ಹರಿಯುವವರೆಗೆ ನಡೆಯುವ ದೈವದ ನೇಮಕ್ಕಂತೂ ಬೇಕೇ ಬೇಕು. ಒಂದು ಕಾಲಕ್ಕೆ ನಾಗಸ್ವರ ಇದ್ದ ಜಾಗದಲ್ಲಿ ಇಂದು ಅನೇಕ ಕಡೆ ಹೊಳೆಯುವ ಆಲ್ಟೊ ಸ್ಯಾಕ್ಸೊಫೋನ್ ನಿಂತಿದೆ. ನಾಗಸ್ವರವನ್ನು ಕೈಯಲ್ಲೇ ಹಿಡಿದು ಊದುತ್ತಾರೆ, ಕೊರಳಿಗೆ ಕೆಲಸವಿಲ್ಲ. ಆಲ್ಟೊ ಹಾಗಲ್ಲ. ಸುಮಾರು ಎರಡೂವರೆ ಕಿಲೋ ಹಿತ್ತಾಳೆ ಒಂದು ಪಟ್ಟಿಯಿಂದ ಕುತ್ತಿಗೆಗೆ ಜೋತುಬೀಳುತ್ತದೆ. ನೇಮ ಮುಗಿಸಿ ಪೆಟ್ಟಿಗೆ ಮುಚ್ಚುತ್ತಿರುವ ವಾದಕರನ್ನು ಎಲ್ಲಿ ನೋವು ಎಂದು ಕೇಳಿ ನೋಡಿ. ಒಬ್ಬರು ಕುತ್ತಿಗೆಯ ಹಿಂಭಾಗ ತೋರಿಸುತ್ತಾರೆ, ಇನ್ನೊಬ್ಬರು ಬಲಗೈ ಹೆಬ್ಬೆರಳು, ಮತ್ತೊಬ್ಬರು ಎಡ ಮಣಿಕಟ್ಟು. ಕೆಳತುಟಿಯ ಒಳಗೆ ಹಲ್ಲು ಒತ್ತಿದ ಗುರುತು ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ.

ಈ ನಾಲ್ಕು ನೋವುಗಳಿಗೆ ನಾಲ್ಕು ಬೇರೆ ಕಾರಣಗಳಿವೆ. ಮಾರುಕಟ್ಟೆ ಮಾತ್ರ ಎಲ್ಲದಕ್ಕೂ ಒಂದೇ ಮದ್ದು ಮಾರುತ್ತದೆ: ಹೊಸ ಪಟ್ಟಿ. ಪಟ್ಟಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ವಾದ್ಯದ ಭಾರವನ್ನು ಯಾವ ಪಟ್ಟಿಯೂ ಕಡಿಮೆ ಮಾಡುವುದಿಲ್ಲ, ಅದರ ಜಾಗವನ್ನು ಬದಲಿಸುತ್ತದೆ ಅಷ್ಟೆ. ಕುತ್ತಿಗೆಯಿಂದ ಇಳಿದದ್ದು ಹೆಗಲಿಗೆ ಹೋಗುತ್ತದೆ, ಹೆಗಲಿಂದ ಬೆನ್ನಿಗೆ, ಇಲ್ಲವೇ ತೊಡೆಗೆ. ಎಲ್ಲಿಗೆ ಹೋದರೆ ನಮಗೆ ಅನುಕೂಲ ಎಂಬುದು ನಿಂತು ನುಡಿಸುತ್ತೇವೋ, ನಡೆಯುತ್ತಲೋ, ನೆಲದ ಮೇಲೆ ಕುಳಿತೋ ಎಂಬುದರ ಮೇಲೆ ನಿಂತಿದೆ.

ವಾದ್ಯ ಹುಟ್ಟಿದ ಹಿನ್ನೆಲೆಯೂ ಇಲ್ಲಿ ಮುಖ್ಯ. ಬೆಲ್ಜಿಯಂನ ದಿನಾಂತ್ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್‌ನಲ್ಲಿ ನೆಲೆನಿಂತು 1846ರಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದ. ಅವನ ಕಣ್ಣು ಇದ್ದದ್ದು ಫ್ರೆಂಚ್ ಸೇನೆಯ ಬ್ಯಾಂಡುಗಳ ಮೇಲೆ. ಬಯಲಲ್ಲಿ ಕೇಳಿಸಬೇಕು, ಹೆಜ್ಜೆ ಹಾಕುವ ಸಿಪಾಯಿ ಹೊತ್ತು ನಡೆಯಬೇಕು. ವಾದ್ಯದ ಬೆನ್ನಿಗೊಂದು ಉಂಗುರ, ಉಂಗುರಕ್ಕೊಂದು ಪಟ್ಟಿ ಎಂಬ ಏರ್ಪಾಡು ಹೊಂದುವುದು ಇಂಥ ನಿಂತ, ನಡೆಯುವ ಮೈಗೆ. ಅಂದರೆ ರಥಬೀದಿಯಲ್ಲಿ ನಡೆಯುತ್ತಾ ನುಡಿಸುವ ನಮ್ಮ ವಾಲಗದವರು ಆ ಮೂಲ ಬಳಕೆಗೆ, ಕುರ್ಚಿಯಲ್ಲಿ ಕುಳಿತ ಯಾವ ಆರ್ಕೆಸ್ಟ್ರಾದವರಿಗಿಂತಲೂ ಹತ್ತಿರ. ಕದ್ರಿ ಗೋಪಾಲನಾಥರು ಈ ವಾದ್ಯವನ್ನು ಮೊದಲು ಕಂಡು ಮನಸೋತದ್ದೂ ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ನಾಗಸ್ವರ ವಿದ್ವಾಂಸರ ಮಗ ಅದನ್ನು ಕೈಗೆತ್ತಿಕೊಂಡು, ಚಕ್ಕಳಮಟ್ಟೆ ಹಾಕಿ ಕಛೇರಿಯ ವೇದಿಕೆಯಲ್ಲಿ ಕುಳಿತುಬಿಟ್ಟರು. ಸಂಗೀತಕ್ಕೆ ಅದರಿಂದ ಆದ ಲಾಭ ಎಲ್ಲರಿಗೂ ಗೊತ್ತು. ಕುಳಿತ ಭಂಗಿ ತಂದೊಡ್ಡಿದ ತೊಡಕಿನ ಬಗ್ಗೆ ಬರೆದವರು ಕಡಿಮೆ; ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತೂಗುವ ಲೆಕ್ಕ. ಆಲ್ಟೊವನ್ನು ಉಂಗುರದಿಂದ ನೇತುಹಾಕಿ ಕೈ ಬಿಟ್ಟರೆ ಅದು ನೆಟ್ಟಗೆ ನಿಲ್ಲುವುದಿಲ್ಲ. ಬೆಲ್, ಅಂದರೆ ವಾದ್ಯದ ಅಗಲವಾದ ಬಾಯಿ, ಮುಂದಕ್ಕೆ ಚಾಚಿಕೊಂಡಿರುವುದರಿಂದ ತೂಕದ ನಡುಬಿಂದು ಕೊಳವೆಯ ಮುಂದಕ್ಕೆ ಬೀಳುತ್ತದೆ, ಉಂಗುರವೋ ಹಿಂಭಾಗದಲ್ಲಿದೆ. ನಡುಬಿಂದು ಉಂಗುರದ ನೇರ ಕೆಳಗೆ ಬರುವವರೆಗೆ ವಾದ್ಯ ತಿರುಗುತ್ತದೆ: ಬುಡ ನಮ್ಮ ಮೈಯತ್ತ ಬರುತ್ತದೆ, ಮೌತ್‌ಪೀಸ್ ಬಾಯಿಂದ ದೂರ ಸರಿಯುತ್ತದೆ. ಇದನ್ನು ಸರಿಪಡಿಸಲು ಬಲಗೈ ಹೆಬ್ಬೆರಳು ಬುಡವನ್ನು ಮುಂದಕ್ಕೆ ತಳ್ಳುತ್ತದೆ. ಆ ಹೆಬ್ಬೆರಳಿನ ಕೊಕ್ಕೆಯ ಕೆಲಸ ಇಷ್ಟೇ, ತಳ್ಳುವುದು; ಎತ್ತುವುದಲ್ಲ. ಉಂಗುರ ಮೇಲಿದ್ದಷ್ಟೂ ವಾದ್ಯ ಸ್ಥಿರ, ಕೆಳಗೆ ಇಳಿದಷ್ಟೂ ತಲೆಭಾರವಾಗಿ ಓಲಾಡುತ್ತದೆ. ಕೆಲವು ತಯಾರಕರು ಒಂದರ ಬದಲು ಎರಡು ಮೂರು ಉಂಗುರಗಳನ್ನು ಮೇಲೆ ಕೆಳಗೆ ಕೂರಿಸುವುದು ಇದಕ್ಕಾಗಿಯೇ. ಟೆನರ್‌ನ ಮೂರೂವರೆ ಕಿಲೋ ಆಸುಪಾಸಿನ ತೂಕಕ್ಕೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಆರು ಕಿಲೋ ಮುಟ್ಟುವ ಬ್ಯಾರಿಟೋನಿಗೆ ಬಂದರೆ ಕೊರಳಪಟ್ಟಿಯ ಮಾತನ್ನೇ ಬಿಟ್ಟು ನೆಲಕ್ಕೆ ಊರುವ ಕಡ್ಡಿಯೋ ಹೆಗಲಪಟ್ಟಿಯೋ ನೋಡಬೇಕು.

ಪಟ್ಟಿಯ ಉದ್ದ ತಪ್ಪಿದರೆ ಉಳಿದ ಯಾವ ಸುಧಾರಣೆಯೂ ಫಲ ಕೊಡುವುದಿಲ್ಲ. ಪರೀಕ್ಷೆ ಸುಲಭ. ಎದುರಿಗಿರುವವರ ಮುಖ ನೋಡುವ ಹಾಗೆ ತಲೆ ನೆಟ್ಟಗಿಟ್ಟು ನಿಂತು, ಕಣ್ಣು ಮುಚ್ಚಿ ವಾದ್ಯವನ್ನು ಬಾಯಿಗೆ ತಂದುಕೊಳ್ಳಿ. ಮೌತ್‌ಪೀಸ್ ತಾನಾಗಿ ತುಟಿಗೆ ಸಿಗಬೇಕು. ಗಲ್ಲಕ್ಕೆ ತಾಗಿದರೆ ಪಟ್ಟಿ ಉದ್ದ, ಮೂಗಿಗೆ ತಾಗಿದರೆ ಗಿಡ್ಡ. ನೂರಕ್ಕೆ ತೊಂಬತ್ತು ಮಂದಿಯ ಪಟ್ಟಿ ಉದ್ದವೇ ಇರುತ್ತದೆ ಎಂಬುದು ಕಲಿಸುವವರ ಅನುಭವದ ಮಾತು, ಅಂಕಿಅಂಶವಲ್ಲ. ಪಟ್ಟಿ ಉದ್ದವಾದಾಗ ಎರಡು ಅನಾಹುತ ಒಟ್ಟಿಗೆ ಆಗುತ್ತವೆ. ಹೆಬ್ಬೆರಳು ತಳ್ಳುವುದು ಬಿಟ್ಟು ಎತ್ತತೊಡಗುತ್ತದೆ. ತಲೆ ಮುಂದಕ್ಕೆ ಬಾಗುತ್ತದೆ. ಮನುಷ್ಯನ ತಲೆಯೇ ನಾಲ್ಕೂವರೆ ಐದು ಕಿಲೋ. ಅದು ಬೆನ್ನೆಲುಬಿನ ಮೇಲೆ ಕೂತಿದ್ದರೆ ಭಾರವೇ ಅನ್ನಿಸದು, ಮುಂದಕ್ಕೆ ಚಾಚಿದರೆ ಕುತ್ತಿಗೆಯ ಹಿಂದಿನ ಸ್ನಾಯುಗಳು ಇಡೀ ಹೊತ್ತು ಎಳೆದುಕೊಂಡೇ ಇರಬೇಕು. ಎರಡೂವರೆ ಕಿಲೋ ವಾದ್ಯವನ್ನು ದೂರುವ ಎಷ್ಟೋ ಕುತ್ತಿಗೆಗಳು ನಿಜಕ್ಕೂ ದೂರಬೇಕಾದದ್ದು ತಮ್ಮದೇ ಐದು ಕಿಲೋ ತಲೆಯನ್ನು.

ಇಷ್ಟಾದ ಮೇಲೆ ಅಂಗಡಿಯ ಮಾತು. ಅಗಲದ ಮೆತ್ತೆಪಟ್ಟಿ ಚರ್ಮಕ್ಕೆ ಒತ್ತುವ ಗುರುತನ್ನು ಹೋಗಲಾಡಿಸುತ್ತದೆ, ಆದರೆ ಕುತ್ತಿಗೆಯನ್ನು ಮುಂದಕ್ಕೆ ಎಳೆಯುವ ಬಲ ಹಾಗೇ ಉಳಿಯುತ್ತದೆ. ಹಿಗ್ಗುವ ನಿಯೋಪ್ರೀನ್ ಪಟ್ಟಿ ಹಾಕಿದ ಕ್ಷಣಕ್ಕೆ ಹಗುರ ಅನ್ನಿಸುವುದು ನಿಜ. ನಡೆಯತೊಡಗಿದ ಮೇಲೆ ಪ್ರತಿ ಹೆಜ್ಜೆಗೂ ವಾದ್ಯ ಮೇಲೆ ಕೆಳಗೆ ಕುಣಿಯುತ್ತದೆ, ಆ ಕುಣಿತವನ್ನು ತಡೆಯುವ ಹೊಣೆ ಹೆಬ್ಬೆರಳಿಗೂ ತುಟಿಗೂ ಬೀಳುತ್ತದೆ. ಮೆರವಣಿಗೆಯವರಿಗೆ ಅದು ಬೇಡ. ಹಿಗ್ಗದ ಪಟ್ಟಿ, ಮುಚ್ಚಿಕೊಳ್ಳುವ ಕೊಕ್ಕೆ ಅವರಿಗೆ ಒಳ್ಳೆಯದು. ತೆರೆದ ಕೊಕ್ಕೆ ನೂಕುನುಗ್ಗಲಿನಲ್ಲಿ ಯಾವಾಗ ಕಳಚೀತು ಹೇಳಲಾಗದು. ಬೆನ್ನಿಗೆ ಅಡ್ಡಲಾಗಿ ಹಾಯುವ ಹೆಗಲಪಟ್ಟಿಗಳು ಭಾರವನ್ನು ಕುತ್ತಿಗೆಯಿಂದ ಪೂರ್ತಿ ತೆಗೆಯುತ್ತವೆ. ಮಕ್ಕಳಿಗೆ, ಕುತ್ತಿಗೆನೋವು ಈಗಾಗಲೇ ಇರುವವರಿಗೆ ನಾನು ಅದನ್ನೇ ಹೇಳುತ್ತೇನೆ. ಜರ್ಮನಿಯ ಜಾಝ್‌ಲ್ಯಾಬ್ ಸಂಸ್ಥೆಯ ಸ್ಯಾಕ್ಸ್‌ಹೋಲ್ಡರ್‌ನಂಥವು ಎರಡು ಬಾಗಿದ ತೋಳುಗಳನ್ನು ಹೆಗಲ ಮೇಲಿಟ್ಟು, ಹೊಟ್ಟೆಗೆ ಒಂದು ಆಸರೆ ಕೊಟ್ಟು ನಿಲ್ಲುತ್ತವೆ. ನಿಂತು ನುಡಿಸುವವರಿಗೆ ತುಂಬ ಹಿತ. ನೆಲದ ಮೇಲೆ ಕುಳಿತವರಿಗೆ ಆ ಹೊಟ್ಟೆಯ ಆಸರೆಯೇ ಉಸಿರಿಗೆ ಅಡ್ಡ ಬರಬಹುದು, ರೇಷ್ಮೆ ಜುಬ್ಬದ ಮೇಲೆ ತೋಳುಗಳು ಜಾರಲೂಬಹುದು. ಜಾಝ್ ವಾದಕರ ಹೊಗಳಿಕೆ ಓದಿ ತರಿಸುವ ಮುಂಚೆ ಒಮ್ಮೆ ಕುಳಿತು ಹಾಕಿ ನೋಡಬೇಕು.

ಕುಳಿತ ಭಂಗಿಯ ಲೆಕ್ಕವೇ ಬೇರೆ. ಆಲ್ಟೊದ ಉದ್ದ ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ಚಕ್ಕಳಮಟ್ಟೆ ಹಾಕಿ ಕುಳಿತವರ ಬಾಯಿಗೂ ನೆಲಕ್ಕೂ ಇರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಮಡಚಿದ ಕಾಲುಗಳ ಎತ್ತರ ಕಳೆದರೆ ವಾದ್ಯವನ್ನು ನೆಟ್ಟಗೆ ಹಿಡಿಯಲು ಜಾಗವೇ ಇಲ್ಲ. ಆಗ ಇರುವ ದಾರಿ ಎರಡು: ಬುಡವನ್ನು ಮುಂದಕ್ಕೆ ಚಾಚುವುದು, ಇಲ್ಲವೇ ವಾದ್ಯವನ್ನು ಬಲಕ್ಕೆ ಓರೆಮಾಡಿ ತೊಡೆಗೆ ಒರಗಿಸುವುದು. ತೊಡೆಗೆ ಒರಗಿಸಿದರೆ ಕೊರಳಿನ ಭಾರ ಬಹುಪಾಲು ಇಳಿದುಹೋಗುತ್ತದೆ; ಎರಡು ಮೂರು ಗಂಟೆಯ ಕಛೇರಿಗೆ ಇದು ದೊಡ್ಡ ವರ. ಬದಲಿಗೆ ಬೇರೆ ಬೆಲೆ ತೆರಬೇಕು. ಓರೆಯಾದ ವಾದ್ಯಕ್ಕೆ ತಲೆಯನ್ನೂ ಓರೆಮಾಡುವುದು ಎಲ್ಲರೂ ಮೊದಲು ಮಾಡುವ ಕೆಲಸ, ಮಾಡಬಾರದ ಕೆಲಸವೂ ಅದೇ. ನೆಕ್ಕಿನ, ಅಂದರೆ ಮೌತ್‌ಪೀಸ್ ಕೂರುವ ಬಾಗಿದ ಕೊಳವೆಯ, ತಿರುಪು ಸಡಿಲಿಸಿ ಅದನ್ನು ತುಸು ತಿರುಗಿಸಿಕೊಳ್ಳಬೇಕು, ಕಾರ್ಕಿನ ಮೇಲೆ ಮೌತ್‌ಪೀಸನ್ನೂ ತಿರುಗಿಸಬೇಕು, ತಲೆಯನ್ನು ನೆಟ್ಟಗೆ ಬಿಡಬೇಕು. ಇದಕ್ಕೆ ಕಾಸು ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ. ಇನ್ನೊಂದು ತೊಂದರೆ ಬಟ್ಟೆಯದು. ಇಂದಿನ ವಾದ್ಯಗಳಲ್ಲಿ ಬೆಲ್ಲಿನ ಕೀಗಳು ಬಲಬದಿಯಲ್ಲಿವೆ. ಬಲತೊಡೆಗೆ ಒರಗಿಸಿದಾಗ ಪಂಚೆಯ ಮಡಿಕೆಯೋ ಶಾಲಿನ ಅಂಚೋ ಅಲ್ಲಿ ಸಿಕ್ಕಿಕೊಂಡರೆ ತಗ್ಗಿನ ಸ್ವರ ಹೊರಡುವುದೇ ಇಲ್ಲ. ವಾದಕ ತನ್ನ ಊದನ್ನು ಶಂಕಿಸಿ ಇನ್ನಷ್ಟು ಬಿಗಿಯುತ್ತಾನೆ.

ಆ ಕೀಗಳು ಬಲಕ್ಕೆ ಹೋದ ಕತೆ ಈ ಇಡೀ ವಿಷಯದ ಅತಿ ಸ್ವಾರಸ್ಯದ ಅಧ್ಯಾಯ. ಸ್ಯಾಕ್ಸ್‌ನ ಕಾಲದ ವಾದ್ಯಗಳಲ್ಲಿ ಎಡ ಹೆಬ್ಬೆರಳಿಗೆ, ಸ್ಥಾಯಿ ಬದಲಿಸಲು, ಒಂದಲ್ಲ, ಎರಡು ಆಕ್ಟೇವ್ ಕೀ. ಯಾವ ಸ್ವರಕ್ಕೆ ಯಾವುದೆಂದು ನೆನಪಿಟ್ಟು ಬದಲಿಸಬೇಕಿತ್ತು. ಅವು ಕೂಡಿ ಒಂದಾದದ್ದು ಆಮೇಲೆ. 1930ರ ದಶಕದ ಮಧ್ಯದಲ್ಲಿ ಪ್ಯಾರಿಸ್‌ನ ಸೆಲ್ಮರ್ ಸಂಸ್ಥೆ ಬ್ಯಾಲೆನ್ಸ್‌ಡ್ ಆಕ್ಷನ್ ಎಂಬ ಮಾದರಿ ತಂದಿತು. ಸ್ಯಾಕ್ಸ್ ಕುಟುಂಬದ ಕಾರ್ಖಾನೆಯನ್ನು ಅದಾಗಲೇ ಕೊಂಡಿದ್ದ ಸಂಸ್ಥೆ ಇದು. ಅದುವರೆಗೆ ಎಡಬದಿಯಲ್ಲಿದ್ದ ಬೆಲ್ಲಿನ ದೊಡ್ಡ ಮುಚ್ಚಳಗಳನ್ನು ಬಲಕ್ಕೆ ಸರಿಸಿ, ಸನ್ನೆಗಳ ಉದ್ದವನ್ನು ಹೊಸದಾಗಿ ಹಂಚಿದರು. ಬೆರಳುಗಳಲ್ಲೇ ದುರ್ಬಲವಾದ ಎಡ ಕಿರುಬೆರಳಿಗೆ ಇದರಿಂದ ಉಸಿರಾಡಲು ಆಯಿತು. 1940ರ ದಶಕದ ಕೊನೆಯ ಸೂಪರ್ ಆಕ್ಷನ್ ಮಾದರಿಯಲ್ಲಿ ಮತ್ತೊಂದು ಹೆಜ್ಜೆ: ಮೇಲಿನ ರಂಧ್ರಸಾಲನ್ನೂ ಕೆಳಗಿನ ಸಾಲನ್ನೂ ಒಂದೇ ಗೆರೆಯಲ್ಲಿಡದೆ ಸ್ವಲ್ಪ ಓರೆಗೆ ಸರಿಸಿದರು. ಎರಡೂ ಕೈಗಳನ್ನು ಎದೆಯ ಮುಂದೆ ತಂದು ನೋಡಿ, ಅವು ಸಹಜವಾಗಿ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಆ ಸತ್ಯಕ್ಕೆ ಲೋಹ ಒಪ್ಪಿಕೊಳ್ಳಲು ಹೆಚ್ಚುಕಡಿಮೆ ನೂರು ವರ್ಷ ಬೇಕಾಯಿತು. 1954ರಲ್ಲಿ ಬಂದ ಮಾರ್ಕ್ ಸಿಕ್ಸ್ ಇದನ್ನೆಲ್ಲ ಒಪ್ಪವಾಗಿ ಕೂಡಿಸಿತು. ಇಂದು ಜಪಾನ್, ತೈವಾನ್, ಚೀನಾದಿಂದ ಬರುವ ವಾದ್ಯಗಳ ಕೀ ಜೋಡಣೆ ಬಹುತೇಕ ಅದರದ್ದೇ ನಕಲು. 1970ರ ದಶಕದ ಮಾರ್ಕ್ ಸೆವೆನ್‌ನಲ್ಲಿ ಬೆರಳಿಡುವ ತಟ್ಟೆಗಳನ್ನು ದೊಡ್ಡದು ಮಾಡಿದಾಗ ಚಿಕ್ಕ ಕೈಯವರು ಗೊಣಗಿದರು. ಒಬ್ಬರ ಅನುಕೂಲ ಇನ್ನೊಬ್ಬರಿಗೆ ಅನನುಕೂಲವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಆ ಎಡ ಕಿರುಬೆರಳಿನ ತಟ್ಟೆಗಳನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ನಾಲ್ಕು ತಟ್ಟೆಗಳು ಒಂದಕ್ಕೊಂದು ಅಂಟಿಕೊಂಡಂತೆ ಇವೆ: ಜಿ ಶಾರ್ಪ್, ಅದರ ಕೆಳಗೆ ತಗ್ಗಿನ ಸಿ ಶಾರ್ಪ್, ಬಿ, ಬಿ ಫ್ಲ್ಯಾಟ್. ತಗ್ಗಿನ ಮೂರರಲ್ಲಿ ಯಾವುದನ್ನು ಒತ್ತಿದರೂ ಜಿ ಶಾರ್ಪ್ ಕೂಡ ಜೊತೆಗೆ ಇಳಿಯುವಂತೆ ಕೊಂಡಿ ಹಾಕಿರುತ್ತಾರೆ. ಅನುಕೂಲಕ್ಕೆಂದು ಮಾಡಿದ ಕೊಂಡಿ ಕಿರುಬೆರಳಿನ ಮೇಲೆ ಎರಡು ಸ್ಪ್ರಿಂಗುಗಳ ಹಟವನ್ನು ಹೇರುತ್ತದೆ. ಕೆಲವರು ಈ ಕೊಂಡಿಯನ್ನೇ ಬಿಡಿಸಿಕೊಳ್ಳುತ್ತಾರೆ; ನನಗದು ತೀರಾ ಅತಿ ಅನ್ನಿಸುತ್ತದೆ. ಸ್ಪ್ರಿಂಗ್ ಬಿಗಿತ ಇಳಿಸಿಕೊಂಡರೆ ಸಾಕು. ತಟ್ಟೆಗಳ ನಡುವಿನ ರೋಲರುಗಳು ಉರುಳಬೇಕು, ಜಂಗು ಹಿಡಿದು ನಿಂತಿದ್ದರೆ ಬೆರಳು ಜಾರದು. ಪಾಶ್ಚಾತ್ಯ ವಾದಕರಲ್ಲಿ ಒಂದು ಹಳೆಯ ಅಭ್ಯಾಸವಿದೆ: ತಗ್ಗಿನ ಸ್ವರಗಳ ಓಟ ಬರುವ ಮೊದಲು ಕಿರುಬೆರಳನ್ನು ಮೂಗಿನ ಪಕ್ಕಕ್ಕೆ ಒರೆಸಿಕೊಳ್ಳುವುದು. ಮುಖದ ಜಿಡ್ಡೇ ಎಣ್ಣೆ. ನೋಡಲು ಚೆಂದವಲ್ಲ, ಕೆಲಸ ಮಾತ್ರ ಮಾಡುತ್ತದೆ.

ಎಡಗೈಯ ಇನ್ನೊಂದು ತಕರಾರು ಅಂಗೈ ಕೀಗಳದ್ದು. ಮೇಲಿನ ಡಿ, ಇ ಫ್ಲ್ಯಾಟ್, ಎಫ್ ಸ್ವರಗಳನ್ನು ಬೆರಳತುದಿಯಿಂದಲ್ಲ, ಅಂಗೈಯ ಬದಿಯಿಂದ ತಟ್ಟಬೇಕು. ಉದ್ದ ಬೆರಳಿನವರ ಅಂಗೈ ಕೊಳವೆಯಿಂದ ದೂರ ನಿಲ್ಲುತ್ತದೆ. ಅಂಥವರು ಪ್ರತಿ ತಾರಸ್ಥಾಯಿಗೂ ಮಣಿಕಟ್ಟು ತಿರುಚುತ್ತಾರೆ. ಗಂಟೆಗಟ್ಟಲೆ ತಾರಸ್ಥಾಯಿಯಲ್ಲೇ ಆಡುವ ನಮ್ಮ ಸಂಗೀತಕ್ಕೆ ಇದು ಸಣ್ಣ ವಿಷಯವಲ್ಲ. ರಬ್ಬರಿನ ಟೋಪಿಗಳು ಸಿಗುತ್ತವೆ, ಸಿಗದಿದ್ದರೆ ಕಾರ್ಕಿನ ತುಂಡು ಅಂಟಿಸಿ, ಉಜ್ಜುಕಾಗದದಿಂದ ತೀಡಿ ಎತ್ತರ ಮಾಡಿಕೊಳ್ಳಬಹುದು. ಒಂದು ವಾರ ನುಡಿಸಿ ಹಿತವೆನಿಸಿದ ಮೇಲೆ ಗಟ್ಟಿಯಾದ ಅಂಟಿನಿಂದ ಕಾಯಂ ಮಾಡಿಸಿದರಾಯಿತು. ಇಡೀ ವಾದ್ಯದಲ್ಲಿ ಇಷ್ಟು ಅಗ್ಗದಲ್ಲಿ ಇಷ್ಟು ಸುಖ ಕೊಡುವ ಮಾರ್ಪಾಡು ಇನ್ನೊಂದಿಲ್ಲ.

ಆದರೆ ಪಟ್ಟಿ, ಕಾರ್ಕು, ಕೊಕ್ಕೆ ಎಲ್ಲಕ್ಕಿಂತ ಮುಂಚೆ ನೋಡಬೇಕಾದದ್ದು ಸೋರಿಕೆ. ನನ್ನ ಮಟ್ಟಿಗೆ ಚರ್ಚೆಯ ತಿರುಳೇ ಇದು. ರಂಧ್ರ ಮುಚ್ಚುವ ಒಂದು ಪ್ಯಾಡ್ ಒಂದು ಕೂದಲೆಳೆಯಷ್ಟು ಕೂರದಿದ್ದರೂ ಗಾಳಿ ಅಲ್ಲಿಂದ ನುಸುಳುತ್ತದೆ. ತಗ್ಗಿನ ಸ್ವರ ಗೊರಗೊರ ಎನ್ನುತ್ತದೆ. ವಾದಕನ ಕೈ ತಾನೇ ಇದಕ್ಕೊಂದು ಉಪಾಯ ಕಂಡುಕೊಳ್ಳುತ್ತದೆ, ಕೀಯನ್ನು ಜೋರಾಗಿ ಅದುಮುವುದು. ಅದುಮಿದಾಗ ಸ್ವರ ಬರುತ್ತದೆ. ಹಾಗಾಗಿ ಅದುಮುವುದೇ ಅಭ್ಯಾಸವಾಗುತ್ತದೆ. ಮುಂದಿನ ವರ್ಷ ಮಣಿಕಟ್ಟು ನೋಯುತ್ತದೆ, ವೈದ್ಯರು ವಿಶ್ರಾಂತಿ ಹೇಳುತ್ತಾರೆ, ವಾದ್ಯ ಸೋರುತ್ತಲೇ ಇರುತ್ತದೆ. ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಕತ್ತಲ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ಎಲ್‌ಇಡಿ ಸರ ಇಳಿಬಿಟ್ಟು, ಕೀಗಳನ್ನು ಹಗುರಾಗಿ ಮುಚ್ಚಿ ನೋಡಿದರೆ ಸೋರುವಲ್ಲಿ ಬೆಳಕು ಇಣುಕುತ್ತದೆ. ಇನ್ನೂ ಸೂಕ್ಷ್ಮವಾಗಿ ತಿಳಿಯಲು ಸಿಗರೇಟು ಸುತ್ತುವ ತೆಳು ಕಾಗದದ ಸೀಳು ಸಾಕು. ಪ್ಯಾಡಿನ ಕೆಳಗಿಟ್ಟು, ಮುಚ್ಚಿ, ಎಳೆಯಬೇಕು. ಸುತ್ತಲೂ ಒಂದೇ ಬಿಗಿತದಲ್ಲಿ ಹಿಡಿದರೆ ಪ್ಯಾಡ್ ಸರಿ; ಒಂದು ಕಡೆ ಹಿಡಿದು ಇನ್ನೊಂದು ಕಡೆ ಜಾರಿದರೆ ಅಲ್ಲಿ ಕೆಲಸವಿದೆ. ನಮ್ಮ ಮಳೆಗಾಲದಲ್ಲಿ ಚರ್ಮದ ಪ್ಯಾಡುಗಳು ತೇವ ಹೀರಿ ಉಬ್ಬುತ್ತವೆ, ಬೇಸಿಗೆಗೆ ಗಟ್ಟಿಯಾಗುತ್ತವೆ. ಜಿ ಶಾರ್ಪ್ ಪ್ಯಾಡ್ ಅಂಟಿಕೊಂಡು ಏಳದಿರುವುದು ಎಲ್ಲರಿಗೂ ಗೊತ್ತಿರುವ ಕಾಟ. ಅದರ ಸ್ಪ್ರಿಂಗನ್ನು ಬಿಗಿ ಮಾಡಿಸುವುದು ಸುಲಭ, ತಪ್ಪು ಪರಿಹಾರವೂ ಹೌದು. ಪ್ಯಾಡನ್ನೂ ರಂಧ್ರದ ಅಂಚನ್ನೂ ಒರೆಸಿ ಸ್ವಚ್ಛ ಮಾಡುವುದು ಸರಿಯಾದ ದಾರಿ.

ಸ್ಪ್ರಿಂಗುಗಳ ವಿಷಯದಲ್ಲಿ ಹಗುರವೇ ಒಳ್ಳೆಯದು ಎಂದುಕೊಳ್ಳಬೇಡಿ. ತೀರಾ ಸಡಿಲವಾದರೆ ಕೀ ಬೆರಳಿನ ಹಿಂದೆಯೇ ಏಳದು, ವೇಗದ ಸಂಗತಿಗಳು ಕಲಸಿಹೋಗುತ್ತವೆ. ಬೇಕಾದದ್ದು ಸಮತೆ: ಎಲ್ಲ ಬೆರಳಿಗೂ ಪ್ರತಿರೋಧ ಒಂದೇ ಹದದಲ್ಲಿರಬೇಕು. ಸೂಜಿಯಂಥ ಆ ನೀಲಿ ಉಕ್ಕಿನ ತಂತಿಗಳನ್ನು ಮಣಿಸಿ ಹದಕ್ಕೆ ತರುವ ಕೈ ಊರೂರಲ್ಲಿ ಸಿಗುವುದಿಲ್ಲ. ಸಿಕ್ಕವರನ್ನು ಬಿಡಬಾರದು.

ಬಾಯಿಯ ಹಿತಕ್ಕೆ ಬಂದರೆ ರೀಡಿನ ಗಡಸುತನ ತಿಳಿಸುವ ನಂಬರಿನ ಹುಚ್ಚು ಎದ್ದು ಕಾಣುತ್ತದೆ. ಮೂರಕ್ಕಿಂತ ಕೆಳಗಿನ ರೀಡ್ ಬಳಸುವುದು ಅವಮಾನ ಎಂಬಂತೆ ಎಳೆಯರು ಮಾತಾಡುತ್ತಾರೆ. ಗಮಕಕ್ಕಾಗಿ ಸ್ವರವನ್ನು ತುಟಿಯಿಂದ ಎಳೆದು ಬಿಡುವ ನಮ್ಮ ಶೈಲಿಗೆ ಗಟ್ಟಿ ರೀಡ್ ದವಡೆಯನ್ನು ಸುಮ್ಮನೆ ದಣಿಸುತ್ತದೆ. ತುದಿ ಅಗಲವಾಗಿ ತೆರೆದ ಮೌತ್‌ಪೀಸಿಗೆ ಮೆದು ರೀಡ್, ಕಿರಿದಾದದ್ದಕ್ಕೆ ಗಟ್ಟಿ ಎಂಬ ಜೋಡಿಯ ಲೆಕ್ಕ ನಂಬರಿಗಿಂತ ಮುಖ್ಯ. ಸ್ವರ ಬಾಗುವುದೂ ತುಟಿಯೊಂದರಿಂದಲ್ಲ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಪಳಗಿದ ವಾದಕರು ಅತಿತಾರದ ಸ್ವರಗಳಿಗೆ ತಮ್ಮ ಗಂಟಲು ಬಾಯಿಗಳ ಪೊಳ್ಳನ್ನೇ ಶ್ರುತಿ ಮಾಡಿಕೊಳ್ಳುತ್ತಾರೆ. ಕಚ್ಚಿ ಸಾಧಿಸಲು ಹೊರಟವರಿಗೆ ತುಟಿಯಲ್ಲಿ ಗಾಯ ಮಾತ್ರ ಉಳಿಯುತ್ತದೆ. ಮೇಲ್ಹಲ್ಲಿಗೆ ತಾಗುವಲ್ಲಿ ಅಂಟಿಸುವ ರಬ್ಬರಿನ ಚೂರು ಕಂಪನವನ್ನು ತಗ್ಗಿಸುತ್ತದೆ, ಅಷ್ಟು ಮಟ್ಟಿಗೆ ಒಳ್ಳೆಯದು.

ಹಿತ್ತಾಳೆ ಬಿಟ್ಟು ಬೇರೆ ವಸ್ತುವಿಗೆ ಹೋದವರೂ ಇದ್ದಾರೆ. 1950ರಲ್ಲಿ ಲಂಡನ್ನಿನಿಂದ ಬಂದ ಗ್ರಾಫ್ಟನ್ ಆಲ್ಟೊದ ಮೈ ಅಕ್ರಿಲಿಕ್. ಜಾಝ್ ವಾದಕ ಚಾರ್ಲಿ ಪಾರ್ಕರ್ 1953ರ ಮೇ ತಿಂಗಳಲ್ಲಿ ಟೊರಾಂಟೊದ ಮ್ಯಾಸಿ ಹಾಲ್ ಕಛೇರಿಯಲ್ಲಿ ನುಡಿಸಿದ್ದು ಅದನ್ನೇ. ಧ್ವನಿ ಚೆನ್ನಾಗಿತ್ತು, ವಾದ್ಯ ಬಿರುಕು ಬಿಡುತ್ತಿತ್ತು, ಬಿಟ್ಟ ಬಿರುಕನ್ನು ಕೂಡಿಸುವವರು ಇರಲಿಲ್ಲ. ಈ ಶತಮಾನದಲ್ಲಿ ಥಾಯ್ಲೆಂಡ್‌ನಿಂದ ಪಾಲಿಕಾರ್ಬೊನೇಟಿನ ವೈಬ್ರಾಟೊಸ್ಯಾಕ್ಸ್ ಬಂತು, ಒಂದು ಕಿಲೋಗಿಂತ ಕಡಿಮೆ ತೂಕ. ಮಕ್ಕಳ ಕಲಿಕೆಗೆ ಅಡ್ಡಿಯಿಲ್ಲ. ತಮಾಷೆಯೆಂದರೆ ಇನ್ನೊಂದು ತುದಿಯಲ್ಲಿ ನೆಕ್ಕಿಗೆ ಭಾರದ ತಿರುಪು ಹಾಕಿದರೆ ನಾದ ಹೆಚ್ಚುತ್ತದೆಂದು ಮಾರುವವರೂ ಇದ್ದಾರೆ. ಸಂಶೋಧಕ ಜಾನ್ ಕೋಲ್ಟ್‌ಮನ್ 1971ರಲ್ಲಿ ಕೊಳಲುಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕೊಳವೆ ಯಾವ ಲೋಹದ್ದು, ಯಾವ ಮರದ್ದು ಎಂಬುದನ್ನು ಕೇಳುಗರು ಕಿವಿಯಿಂದ ಗುರುತಿಸಲಾರದೆ ಹೋದರು. ಸ್ಯಾಕ್ಸೊಫೋನಿಗೆ ಅದನ್ನು ಹಾಗೇ ಅನ್ವಯಿಸಲಾಗದಿದ್ದರೂ, ತಿರುಪಿಗೆ ಸಾವಿರಾರು ರೂಪಾಯಿ ಕೊಡುವ ಮುಂಚೆ ನೆನಪಿಟ್ಟುಕೊಳ್ಳಬಹುದಾದ ಮಾತು.

ನೋವಿನ ಅಧ್ಯಯನಗಳು ಈ ವಾದ್ಯದತ್ತ ತಡವಾಗಿ ಬಂದವು. ಅಮೆರಿಕದ ಆರ್ಕೆಸ್ಟ್ರಾ ಸಂಗೀತಗಾರರ ಒಕ್ಕೂಟ 2,212 ಮಂದಿಯನ್ನು ಕೇಳಿ 1988ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಮೀಕ್ಷೆಯಲ್ಲಿ ಶೇ. 76ರಷ್ಟು ಜನ ನುಡಿಸಲು ಅಡ್ಡಿಯಾಗುವ ಗಂಭೀರ ತೊಂದರೆ ಒಂದಾದರೂ ಇದೆಯೆಂದರು. ಆದರೆ ಆರ್ಕೆಸ್ಟ್ರಾದಲ್ಲಿ ಸ್ಯಾಕ್ಸೊಫೋನಿಗೆ ಕಾಯಂ ಕುರ್ಚಿಯೇ ಇಲ್ಲ. ದೇವಸ್ಥಾನದ ಅಂಗಳದಲ್ಲಿ ರಾತ್ರಿಯಿಡೀ ನಿಲ್ಲುವವರಂತೂ ಆ ಲೆಕ್ಕದಿಂದ ಬಹು ದೂರ. ಬೆರಳು ಜೋಮು ಹಿಡಿಯುವುದು, ನುಡಿಸದಿರುವಾಗಲೂ ಹೆಬ್ಬೆರಳ ಬುಡ ನೋಯುವುದು ಕಂಡರೆ ಪಟ್ಟಿ ಬದಲಿಸುತ್ತಾ ಕೂರದೆ ವೈದ್ಯರ ಬಳಿ ಹೋಗಬೇಕು, ವಾದ್ಯವನ್ನೂ ಜೊತೆಗೆ ಒಯ್ದು ಹಿಡಿದು ತೋರಿಸಬೇಕು.

ದೇಹಕ್ಕೆ ತಕ್ಕಂತೆ ವಾದ್ಯವನ್ನು ಎಷ್ಟರ ಮಟ್ಟಿಗೆ ಬದಲಿಸಬಹುದು ಎಂಬುದಕ್ಕೆ ಅಮೆರಿಕದ ನೆಬ್ರಾಸ್ಕದ ಉದಾಹರಣೆ ಇದೆ. ಅಲ್ಲಿನ ಕರ್ನಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ನ್ಯಾಬ್ ಅವರಿಗೆ 2000ದಲ್ಲಿ ಪಾರ್ಶ್ವವಾಯು ಬಡಿದು ಎಡಗೈ ಸ್ವಾಧೀನ ತಪ್ಪಿತು. ವಾದ್ಯ ರಿಪೇರಿ ಮಾಡುವ ಜೆಫ್ ಸ್ಟೆಲ್ಲಿಂಗ್ ಅವರಿಗಾಗಿ ಒಂದೇ ಕೈಯಲ್ಲಿ ಪೂರ್ತಿ ನುಡಿಸಬಲ್ಲ ಸ್ಯಾಕ್ಸೊಫೋನ್ ಕಟ್ಟಿಕೊಟ್ಟರು. ನ್ಯಾಬ್ ಮತ್ತೆ ವೇದಿಕೆಗೆ ಬಂದರು.

ಅಷ್ಟು ಸಾಧ್ಯವಿರುವಾಗ ನೆಲದ ಮೇಲೆ ಕುಳಿತು ನುಡಿಸುವವರಿಗೆ ಬೇಕಾದದ್ದು ದೊಡ್ಡದೇನೂ ಅಲ್ಲ: ಸ್ವಲ್ಪ ಮೇಲೆ ಇನ್ನೊಂದು ಉಂಗುರ, ಓರೆ ಹಿಡಿತಕ್ಕೆ ಹೊಂದುವ ಬಾಗಿನ ನೆಕ್, ತೊಡೆಗೆ ತಾಗುವ ಕೀಗಳ ಮೇಲೆ ಬಟ್ಟೆ ಸಿಕ್ಕದಂಥ ಅಗಲದ ರಕ್ಷಣೆ. ಉಂಗುರದ ಬೆಸುಗೆಗೆ ಶಾಖ ಕೊಟ್ಟರೆ ಸುತ್ತಲಿನ ಲ್ಯಾಕರ್ ಸುಟ್ಟು ಕಲೆಯಾಗುತ್ತದೆ, ಆಮೇಲೆ ಜಾಗ ತಪ್ಪಿತೆಂದು ಕಿತ್ತರೆ ಎರಡು ಕಲೆ. ಆದ್ದರಿಂದ ಮೊದಲು ಈಗಿರುವ ಉಂಗುರದ ಮೇಲೆ, ರಾಡುಗಳಿಲ್ಲದ ಕಡೆ ನೋಡಿ, ಗಟ್ಟಿ ಬಟ್ಟೆಯ ಪಟ್ಟಿಯನ್ನು ಕೊಳವೆಗೆ ಬಿಗಿದು ತಾತ್ಕಾಲಿಕ ಕೊಂಡಿ ಮಾಡಿಕೊಂಡು ಕೆಲವು ದಿನ ಸಾಧನೆ ಮಾಡಬೇಕು. ಅರ್ಧ ಇಂಚು ಮೇಲೆ, ಅರ್ಧ ಇಂಚು ಕೆಳಗೆ ಸರಿಸಿ ನೋಡಬೇಕು. ಹೆಬ್ಬೆರಳು ಎತ್ತುವುದನ್ನು ನಿಲ್ಲಿಸಿ ಬರೀ ತಳ್ಳತೊಡಗಿದ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಬೆಸುಗೆಯವರ ಬಳಿ ಆಮೇಲೆ ಹೋಗಬಹುದು.